ಕೆಸರು ತುಳಿದು ಬರುವ ನಾಯಿ: ಇಲಿ ಜ್ವರದಿಂದ ಕಾಪಾಡುವ ಕ್ರಮ

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ದಾವಣಗೆರೆ ಸುತ್ತಲಿನ ಅಚ್ಚುಕಟ್ಟಿನಲ್ಲಿ ಒಣ ನೆಲ ಹುಡುಕುವುದೇ ಕಷ್ಟವಾಗುತ್ತದೆ. ಗದ್ದೆಗೆ ನೀರು ಕಟ್ಟಿ, ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಹಾಕಿ ಕೆಸರು ಹೊಡೆದು ನಾಟಿಗೆ ಹದ ಮಾಡುವ ಆ ವಾರಗಳಲ್ಲಿ, ನಗರದ ಅಂಚಿನ ಬಡಾವಣೆಗಳಿಂದ ಬೆಳಿಗ್ಗೆ ನಾಯಿ ಹಿಡಿದು ಹೊರಡುವವರು ನಾಲೆಯ ಏರಿಯನ್ನೋ ಗದ್ದೆಯ ಬದುವನ್ನೋ ಹಿಡಿಯುತ್ತಾರೆ; ನಾಯಿ ಹೊಟ್ಟೆಯವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಮರಳುತ್ತದೆ. ಈ ಕೆಸರಿನಿಂದ ಬರಬಹುದಾದ, ಪಾರ್ವೊ ಅಥವಾ ಉಣ್ಣೆ ಜ್ವರದಷ್ಟು ಬಾಯಿಮಾತಿನಲ್ಲಿಲ್ಲದ, ಆದರೆ ಕೆಲವೇ ದಿನಗಳಲ್ಲಿ ಮೂತ್ರಪಿಂಡವನ್ನು ಕೆಡಿಸಬಲ್ಲ ಕಾಯಿಲೆಯೊಂದನ್ನು ತಡೆಯುವ ಬಗೆಯನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಅದಕ್ಕೂ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ವಿದೇಶದಲ್ಲಿರುವ ಮಕ್ಕಳು ಕಳುಹಿಸುವ ವಾಟ್ಸಾಪ್ ಸಂದೇಶಗಳಲ್ಲಿ ‘ಅಲಬಾಮಾ ರಾಟ್’ ಎಂಬ ಹೆಸರು ಆಗಾಗ ಬರುತ್ತದೆ. ಇದು 1980ರ ದಶಕದಲ್ಲಿ ಅಮೆರಿಕದ ಅಲಬಾಮಾದ ಗ್ರೇಹೌಂಡ್ ನಾಯಿಗಳಲ್ಲಿ ಮೊದಲು ಗುರುತಿಸಲ್ಪಟ್ಟು, 2012ರಿಂದ ಬ್ರಿಟನ್ನಿನಲ್ಲಿ ಕಾಣಿಸಿಕೊಳ್ಳುತ್ತಿರುವ ಕಾಯಿಲೆ. ಕಾಲಿನ ಕೆಳಭಾಗ, ಮುಖ ಅಥವಾ ಹೊಟ್ಟೆಯ ಮೇಲೆ ಏಟು ಬೀಳದೆಯೇ ಹುಣ್ಣು ಏಳುತ್ತದೆ. ಚರ್ಮ ಮತ್ತು ಮೂತ್ರಪಿಂಡದ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹುಣ್ಣು ಕಂಡ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೈಕೊಟ್ಟರೆ ಹೆಚ್ಚಿನ ನಾಯಿಗಳು ಉಳಿಯುವುದಿಲ್ಲ. ಅಲ್ಲಿ ನವೆಂಬರಿನಿಂದ ಮೇ ತಿಂಗಳವರೆಗೆ, ಒದ್ದೆಯಾದ ಕಾಡುದಾರಿಗಳಲ್ಲಿ ನಡೆದ ನಾಯಿಗಳಲ್ಲಿ ಇದು ಹೆಚ್ಚಾಗಿ ಕಂಡಿದೆ. ಕಾರಣ ಇನ್ನೂ ಪತ್ತೆಯಾಗಿಲ್ಲ, ಲಸಿಕೆಯೂ ಇಲ್ಲ. ಆದ್ದರಿಂದ ಅಲ್ಲಿನ ವೈದ್ಯರು ಮನೆಗೆ ಬಂದ ಕೂಡಲೇ ಕೆಸರು ತೊಳೆಯಿರಿ, ಹುಣ್ಣು ಕಂಡರೆ ತಡಮಾಡದೆ ಬನ್ನಿ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳುವ ಸ್ಥಿತಿಯಲ್ಲಿಲ್ಲ.

ನಮ್ಮ ಗದ್ದೆಯ ಕೆಸರಿನಲ್ಲಿರುವ ಅಪಾಯ ಬೇರೆ, ಅದಕ್ಕೆ ಹೆಸರೂ ಕಾರಣವೂ ಮದ್ದೂ ಇವೆ. ಅದು ಲೆಪ್ಟೊಸ್ಪೈರೋಸಿಸ್, ಜನ ಹೇಳುವ ಇಲಿ ಜ್ವರ. ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ ಇಲಿ, ಹೆಗ್ಗಣ, ದನ, ಹಂದಿ ಮತ್ತು ಕೆಲವೊಮ್ಮೆ ನಾಯಿಯದೇ ಮೂತ್ರಪಿಂಡದಲ್ಲಿ ಮನೆಮಾಡಿಕೊಂಡು ಮೂತ್ರದ ಮೂಲಕ ಹೊರಬರುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ, ಅನುಕೂಲವಿದ್ದರೆ ಇನ್ನೂ ಹೆಚ್ಚು ಕಾಲ ಬದುಕುತ್ತದೆ. ನೆಲ ಚೆನ್ನಾಗಿ ಒಣಗಿ ಬಿಸಿಲು ಬಿದ್ದರೆ ಬೇಗ ಸಾಯುತ್ತದೆ. ಕಾಲಿನ ಗೀರು, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಮೂಗು, ಬಾಯಿ ಇವುಗಳ ಮೂಲಕ ನಾಯಿಯ ದೇಹವನ್ನು ಸೇರಿ, ರಕ್ತದಲ್ಲಿ ಹೆಚ್ಚಿ, ಮೂತ್ರಪಿಂಡ ಮತ್ತು ಯಕೃತ್ತಿಗೆ ಹೋಗಿ ಕೂರುತ್ತದೆ. ಮನುಷ್ಯರಿಗೂ ಇದೇ ದಾರಿಯಲ್ಲಿ ಬರುತ್ತದೆ. ತಡೆಯಲು ದಾರಿಯೇ ತಿಳಿಯದ ದೂರದ ಕಾಯಿಲೆಗೆ ಹೆದರುತ್ತಾ, ತಡೆಯಬಹುದಾದ ಈ ಕಾಯಿಲೆಯ ಲಸಿಕೆಯನ್ನು ಮರೆತವರನ್ನು ನಾನು ಬಹಳ ಕಂಡಿದ್ದೇನೆ. ಆ ಸಾಲಿನಲ್ಲಿ ನಾನೂ ಇದ್ದೆ.

ಲಸಿಕೆಯ ಪುಸ್ತಕ ತೆಗೆದು ನೋಡಿ

ಮೊದಲ ಕೆಲಸ ಮನೆಯೊಳಗಿನದು, ಏಕೆಂದರೆ ಇದಕ್ಕೆ ವಾರಗಳು ಹಿಡಿಯುತ್ತವೆ. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎಂದು ಹೇಳುವವರಲ್ಲಿ ಹಲವರ ಮನಸ್ಸಿನಲ್ಲಿರುವುದು ಹುಚ್ಚುನಾಯಿ ರೋಗದ, ಅಂದರೆ ರೇಬೀಸ್ ಲಸಿಕೆ. ಅದು ಕಡ್ಡಾಯವಾಗಿ ಬೇಕಾದದ್ದೇ, ಆದರೆ ಇಲಿ ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ನೋಡಬೇಕಾದದ್ದು ಡಿಸ್ಟೆಂಪರ್, ಪಾರ್ವೊ ಮುಂತಾದವುಗಳಿಗೆ ಒಟ್ಟಾಗಿ ಕೊಡುವ ಲಸಿಕೆಯ ಚೀಟಿಯನ್ನು. ಪುಸ್ತಕದಲ್ಲಿ ಅಂಟಿಸಿದ ಆ ಚೀಟಿಯ ಮೇಲೆ ‘ಲೆಪ್ಟೊ’ ಎಂದೋ ಹೆಸರಿನ ಕೊನೆಗೆ ‘ಎಲ್’ ಅಕ್ಷರವೋ ಇದೆಯೇ ಗಮನಿಸಿ. ಕೆಲವು ಲಸಿಕೆಗಳಲ್ಲಿ ಪುಡಿಯಿರುವ ಸೀಸೆಗೆ ಬೆರೆಸುವ ದ್ರವದಲ್ಲೇ ಲೆಪ್ಟೊ ಅಂಶ ಇರುತ್ತದೆ. ಅದರ ಬದಲು ಬರಿಯ ದ್ರವ ಬೆರೆಸಿದ್ದರೆ ಆ ರಕ್ಷಣೆ ಸಿಕ್ಕಿರುವುದಿಲ್ಲ. ಸಂದೇಹವಿದ್ದರೆ ಪುಸ್ತಕವನ್ನೇ ವೈದ್ಯರ ಮುಂದಿಟ್ಟು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮೊದಲ ಸಲ ಹಾಕಿಸುವಾಗ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಆಗಬೇಕು, ಬಳಿಕ ಪ್ರತಿ ವರ್ಷ ಒಂದು. ಪಾರ್ವೊ ಲಸಿಕೆಯ ಬಲ ವರ್ಷಗಳ ಕಾಲ ಉಳಿಯಬಹುದು, ಲೆಪ್ಟೊ ಲಸಿಕೆಯದು ಹಾಗಲ್ಲ. ಅದರ ವಾರ್ಷಿಕ ಡೋಸ್ ತಪ್ಪಿಸುವಂತಿಲ್ಲ. ಗಡುವು ಹಲವು ತಿಂಗಳು ಮೀರಿದ್ದರೆ ಮತ್ತೆ ಎರಡು ಡೋಸಿನಿಂದಲೇ ಆರಂಭಿಸಬೇಕಾಗಬಹುದು. ಅಚ್ಚುಕಟ್ಟಿನಲ್ಲಿ ಇರುವವರಿಗೆ ನನ್ನ ಸಲಹೆ, ಮುಂಗಾರು ಬೆಳೆಗೆ ನೀರು ಬಿಡುವ ಮುನ್ನ, ಅಂದರೆ ಜೂನ್ ಮುಗಿಯುವುದರೊಳಗೆ ಇದನ್ನು ಮುಗಿಸಿಕೊಳ್ಳಿ. ಲಸಿಕೆ ಹಾಕಿಸಿದ ಮಾತ್ರಕ್ಕೆ ನಾಯಿಗೆ ಗುರಾಣಿ ಕಟ್ಟಿದಂತಾಗುವುದಿಲ್ಲ. ಈ ಬ್ಯಾಕ್ಟೀರಿಯಾದಲ್ಲಿ ಬಗೆಗಳು ಹಲವು, ಲಸಿಕೆಯಲ್ಲಿರುವುದು ಅವುಗಳಲ್ಲಿ ಕೆಲವು ಮಾತ್ರ. ಆದ್ದರಿಂದಲೇ ಮುಂದಿನ ಹೆಜ್ಜೆಗಳು ಬೇಕಾಗುತ್ತವೆ.

ದಾರಿಯನ್ನು ಆರಿಸಿಕೊಳ್ಳುವ ಬಗೆ

ಕೆಸರೆಂದರೆ ಮಳೆಗಾಲ ಎಂದು ನಾವು ತಿಳಿದಿರುತ್ತೇವೆ. ಅಚ್ಚುಕಟ್ಟಿನ ಊರುಗಳಲ್ಲಿ ಅದು ತಪ್ಪು ಲೆಕ್ಕ. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಹರಿಸಿದ ವರ್ಷ, ತಲೆಯ ಮೇಲೆ ಬಿಸಿಲು ಸುಡುತ್ತಿರುವಾಗಲೂ ಕಾಲಕೆಳಗೆ ಕೆಸರು ಸಿದ್ಧವಾಗಿರುತ್ತದೆ. ಹೀಗೆ ನಮ್ಮಲ್ಲಿ ಎಚ್ಚರ ವಹಿಸಬೇಕಾದ ಕಾಲ ಎರಡು, ನೋಡಬೇಕಾದದ್ದು ಆಕಾಶವನ್ನಲ್ಲ, ನಾಲೆಯನ್ನು.

ಗದ್ದೆಗೆ ನೀರು ಕಟ್ಟಿದ ಮೊದಲ ವಾರಗಳ ಬಗ್ಗೆ ವಿಶೇಷ ಗಮನವಿರಲಿ. ಒಣಗಿದ್ದ ಗದ್ದೆಯ ಒಳಗೆ ಬಿಲ ಮಾಡಿಕೊಂಡಿದ್ದ ಇಲಿಗಳೆಲ್ಲ ನೀರು ನುಗ್ಗಿದಾಗ ಬದುವಿಗೆ ಹತ್ತುತ್ತವೆ. ನಡೆಯಲು ಒಣಗಿದೆ ಎಂದು ನಾವು ಆರಿಸಿಕೊಳ್ಳುವ ಬದುವೇ ಆಗ ಇಲಿಗಳು ಗುಂಪುಗೂಡಿದ ಜಾಗ. ನಾಯಿಯೋ, ಅಲ್ಲಿನ ಪ್ರತಿ ಬಿಲಕ್ಕೂ ಮೂಗು ತೂರಿಸಿ, ಮುಂಗಾಲಿನಿಂದ ಕೆರೆದು, ಉಗುರಿನ ಬುಡಕ್ಕೆ ಮಣ್ಣು ತುಂಬಿಕೊಳ್ಳುತ್ತದೆ. ಮುಧೋಳ ತಳಿಯ ನಾಯಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಸಾಕಿದವರಿಗೆ ನಾನು ಹೇಳಬೇಕಾಗಿಲ್ಲ. ಬಿಲ ಕಂಡ ಮೇಲೆ ಅವು ಕರೆದರೆ ಬರುವ ಜಾತಿಯಲ್ಲ. ಈ ವಾರಗಳಲ್ಲಿ ಅವುಗಳ ಚೈನು ಬಿಚ್ಚಬೇಡಿ.

ಇನ್ನು ಬಸಿಗಾಲುವೆ. ಹರಿಯುವ ನಾಲೆಗಿಂತ, ಗದ್ದೆಗಳಿಂದ ಬಸಿದು ನಿಂತು ಮೇಲೆ ಪಾಚಿ ಕಟ್ಟಿದ ಬಸಿಗಾಲುವೆಯ ನೀರು ಹೆಚ್ಚು ಅಪಾಯಕರ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ನೆರಳೂ ತೇವವೂ ವರ್ಷವಿಡೀ ಇರುವುದರಿಂದ ಅಲ್ಲಿನ ನೆಲವನ್ನು ಬೇಸಿಗೆಯಲ್ಲೂ ಒದ್ದೆ ನೆಲವೆಂದೇ ಎಣಿಸಬೇಕು. ನಗರದೊಳಗೆ ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮು, ಮಂಡಕ್ಕಿ ಭಟ್ಟಿಗಳ ಹಿಂಬದಿಯ ಚರಂಡಿಗಳ ಬಳಿ ಕಾಳಿರುವೆಡೆ ಇಲಿ ಇದ್ದೇ ಇರುತ್ತದೆಂದು ತಿಳಿದು ನಡೆಯಿರಿ. ಚಿತ್ರದುರ್ಗದ ಕಲ್ಲುನೆಲದಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಅಲ್ಲಿನವರಿಗೆ ಈ ಚಿಂತೆ ಕಡಿಮೆ. ಆದರೂ ದೊಡ್ಡ ಮಳೆಯ ಮರುದಿನ ಹೊಂಡಗಳ ಅಂಚಿನಲ್ಲಿ ಇದೇ ಎಚ್ಚರ ಅವರಿಗೂ ಬೇಕು.

ಹಾಗಾದರೆ ಎಲ್ಲಿ ನಡೆಸಬೇಕು? ಡಾಂಬರು ರಸ್ತೆ, ಜಲ್ಲಿ ಹಾಕಿದ ದಾರಿ, ಬಿಸಿಲು ಬಿದ್ದು ಮಣ್ಣು ಬಿಳಿಚಿಕೊಂಡ ಬಂಡಿ ದಾರಿ, ಇವು ಒಳ್ಳೆಯವು. ಬೆಳಗಿನ ಆರು ಗಂಟೆಯ ಇಬ್ಬನಿಯಲ್ಲೇ ಹೊರಡಬೇಕೆಂಬ ಹಟವನ್ನು ಮಳೆಗಾಲದಲ್ಲಿ ಬಿಟ್ಟು, ನೆಲ ಸ್ವಲ್ಪ ಆರಿದ ಮೇಲೆ ಎಂಟಕ್ಕೋ ಸಂಜೆಯೋ ಹೊರಟರೆ ಅರ್ಧ ಕೆಸರು ತಪ್ಪುತ್ತದೆ. ಬೇಸಿಗೆಯಲ್ಲಿ ಮಾತ್ರ ಹಾಗೆ ಮಾಡಬೇಡಿ, ಕಾದ ಡಾಂಬರು ನಾಯಿಯ ಅಂಗಾಲನ್ನು ಸುಡುತ್ತದೆ.

ನೀರಿನ ಬಾಟಲಿ

ನಡಿಗೆಯ ಮಧ್ಯೆ ಬಾಯಾರಿದ ನಾಯಿ ಸಿಕ್ಕ ಗುಂಡಿಗೆ ಬಾಯಿ ಹಾಕುತ್ತದೆ. ಒಂದು ಬಾಟಲಿ ನೀರು ಮತ್ತು ಅಗಲವಾದ ಡಬ್ಬಿಯ ಮುಚ್ಚಳ ನಿಮ್ಮ ಬಳಿ ಇರಲಿ. ಹೊರಡುವ ಮುನ್ನ ಮನೆಯಲ್ಲೇ ನೀರು ಕುಡಿಸಿಕೊಂಡು ಹೋಗುವುದು ಇನ್ನೂ ಸುಲಭ. ಕಾಲಿನಲ್ಲಿ ಗಾಯವಿರುವ ನಾಯಿಯನ್ನು ಅದು ಮಾಯುವವರೆಗೆ ಕೆಸರಿಗೆ ಕರೆದೊಯ್ಯಲೇಬೇಡಿ.

ಮನೆಗೆ ಬಂದ ಮೇಲೆ ಕಾಲು ತೊಳೆಯುವುದು

ಹಜಾರಕ್ಕೆ ಕೆಸರು ಬರಬಾರದೆಂದು ನಾಯಿಯ ಮೇಲೆ ಒಂದು ಚೊಂಬು ನೀರು ಸುರಿದು ಬಿಡುವುದು ವಾಡಿಕೆ. ಅದರಿಂದ ಮೇಲಿನ ಕೆಸರು ಹೋಗುತ್ತದೆ, ಬೆರಳ ಸಂದಿನದು ಅಲ್ಲೇ ಉಳಿಯುತ್ತದೆ. ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತಿರುತ್ತದೆ. ನಾಯಿಯ ಅಂಗಾಲಿನ ನಡುವಿನ ಮೆತ್ತೆಯ ಹಿಂದೆ ಅದು ಗೋಲಿಯಷ್ಟು ಗಾತ್ರದ ಉಂಡೆಯಾಗಿ ಕೂದಲಿಗೆ ಸುತ್ತಿಕೊಂಡು ಕೂರುತ್ತದೆ. ಒಣಗಿದರೆ ಕಲ್ಲಿನಂತಾಗಿ ಚರ್ಮವನ್ನು ಉಜ್ಜುತ್ತದೆ, ಉಜ್ಜಿದ ಜಾಗ ಕೆಂಪಾಗಿ ಬಿರಿಯುತ್ತದೆ. ಮರುದಿನದ ಕೆಸರು ಒಳಹೋಗಲು ಅಷ್ಟು ಬಿರುಕು ಸಾಕು.

ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿಟ್ಟು, ಒಂದೊಂದೇ ಕಾಲನ್ನು ಅರ್ಧ ನಿಮಿಷ ಅದ್ದಿ ಹಿಡಿಯಿರಿ. ಉಂಡೆ ತಾನಾಗಿ ಕರಗುತ್ತದೆ, ಕಿತ್ತು ಎಳೆಯಬೇಡಿ. ಬಳಿಕ ನಾಯಿಗೆಂದೇ ಇರುವ ಸೋಪು ಹಚ್ಚಿ, ಬೆರಳುಗಳನ್ನು ಅಗಲಿಸಿ ಪ್ರತಿ ಸಂದಿಯಲ್ಲಿ ನಿಮ್ಮ ಬೆರಳಾಡಿಸಿ. ಹೊಟ್ಟೆಯ ಅಡಿ, ತೊಡೆಯ ಒಳಭಾಗ, ಗಂಡು ನಾಯಿಯಾದರೆ ಮೂತ್ರದ್ವಾರದ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿ. ಕೊನೆಗೆ ಒಣ ಟವೆಲ್ಲಿನಲ್ಲಿ ಬೆರಳ ಸಂದಿಗಳನ್ನೂ ಸೇರಿಸಿ ಪೂರ್ತಿ ಒರೆಸಿ, ಬಿಸಿಲಿದ್ದರೆ ಹತ್ತು ನಿಮಿಷ ಬಿಸಿಲಿನಲ್ಲಿ ಕೂರಿಸಿ. ತೊಳೆಯುವಾಗ ನಿಮ್ಮ ಕೈಗೆ ಗ್ಲೌಸು ಇರಲಿ, ಕೈಯಲ್ಲಿ ಗಾಯವಿದ್ದರಂತೂ ಬೇರೆಯವರಿಗೆ ಈ ಕೆಲಸ ಒಪ್ಪಿಸಿ. ಫಿನೈಲ್ ಬೆರೆಸಿದ ನೀರಿನಲ್ಲಿ ಕಾಲು ತೊಳೆಸುವವರಿದ್ದಾರೆ. ನಾಯಿ ತನ್ನ ಕಾಲನ್ನು ನೆಕ್ಕುತ್ತದೆ, ಫಿನೈಲ್ ಅದಕ್ಕೆ ವಿಷ. ನೆಲ ಒರೆಸುವ ಯಾವ ದ್ರಾವಣವೂ ನಾಯಿಯ ಮೈಗೆ ತಾಕಬಾರದು.

ಈ ಹೊತ್ತಿನಲ್ಲೇ ಚರ್ಮವನ್ನೂ ನೋಡಿಕೊಳ್ಳಿ. ಗೀರು, ಮುಳ್ಳು, ಉಣ್ಣೆ ಹುಳು, ಹೊಸ ಹುಣ್ಣು ಏನಿದ್ದರೂ ನಿತ್ಯ ತೊಳೆಯುವ ಕೈಗೆ ಮೊದಲು ತಿಳಿಯುತ್ತದೆ.

ಅಂಗಳದ ಇಲಿ

ಕೆಸರಿಗೆ ಹೋಗದ ನಾಯಿಗೂ ಇಲಿ ಜ್ವರ ಬರಬಹುದು, ಏಕೆಂದರೆ ಇಲಿಯೇ ಅದರ ತಟ್ಟೆಗೆ ಬರುತ್ತದೆ. ರಾತ್ರಿ ಉಳಿದ ಅನ್ನ, ಮುದ್ದೆ ಅಥವಾ ಪೆಡಿಗ್ರಿಯನ್ನು ತಟ್ಟೆಯಲ್ಲೇ ಬಿಟ್ಟು ಮಲಗಿದರೆ ಇಲಿ ತಿಂದು, ಅಲ್ಲೇ ಉಚ್ಚೆ ಹೊಯ್ದು ಹೋಗಿರುತ್ತದೆ. ಬೆಳಿಗ್ಗೆ ನಾಯಿ ಅದೇ ತಟ್ಟೆಯನ್ನು ನೆಕ್ಕುತ್ತದೆ. ತಟ್ಟೆ ಮತ್ತು ನೀರಿನ ಬೋಗುಣಿಯನ್ನು ರಾತ್ರಿ ತೊಳೆದು ಮಗುಚಿಡುವುದು ಖರ್ಚಿಲ್ಲದ ಉಪಾಯ. ಇಲಿ ಹಿಡಿಯಲು ಬೋನು ಇಡಿ. ಗದ್ದೆಯಲ್ಲಿ ಬಳಸುವ ಝಿಂಕ್ ಫಾಸ್ಫೈಡ್ ಆಗಲಿ, ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೊಲೋನ್ ಬಿಲ್ಲೆಯಾಗಲಿ ನಾಯಿ ಇರುವ ಅಂಗಳಕ್ಕೆ ಸಲ್ಲದು. ಇಲಿ ಜ್ವರ ತಪ್ಪಿಸಲು ಹೋಗಿ ಇಲಿ ಪಾಷಾಣದಿಂದ ನಾಯಿಯನ್ನು ಕಳೆದುಕೊಂಡಂತಾದೀತು.

ಎರಡು ವಾರಗಳ ಕಾವಲು

ಬ್ಯಾಕ್ಟೀರಿಯಾ ದೇಹ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದು ವಾರ, ಕೆಲವೊಮ್ಮೆ ಎರಡು ವಾರ ಬೇಕು. ಅಷ್ಟರಲ್ಲಿ ಆ ನಡಿಗೆಯನ್ನೇ ನಾವು ಮರೆತಿರುತ್ತೇವೆ. ನಾಯಿ ಕೆಸರಿನಲ್ಲಿ ಹೊರಳಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡುವ ಅಭ್ಯಾಸ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ.

ನಮ್ಮ ಕರಿಯನಿಗೆ ಕಾಯಿಲೆ ಬಂದದ್ದು ಫೆಬ್ರವರಿಯಲ್ಲಿ. ನಾಲ್ಕು ದಿನಗಳಿಂದ ಅವನು ಬೋಗುಣಿಯ ನೀರನ್ನು ಎರಡು ಸಲ ಖಾಲಿ ಮಾಡುತ್ತಿದ್ದುದನ್ನು ಕಂಡು, ಬಿಸಿಲು ಏರುತ್ತಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಐದನೆಯ ದಿನ ನಾಲೆ ಏರಿಯ ಮೇಲೆ ಎದುರಾದ, ಗದ್ದೆಗೆ ನೀರು ತಿರುಗಿಸುವ ಹಿರಿಯರೊಬ್ಬರು ನಿಂತು ನೋಡಿ, ‘ಸಾರ್, ನಿಮ್ ನಾಯಿ ಯಾಕೋ ಬೆನ್ನು ಬಗ್ಗಿಸ್ಕೊಂಡು ನಡೀತೈತಲ್ರಿ’ ಎಂದರು. ಮೂತ್ರಪಿಂಡ ಊದಿಕೊಂಡು ನೋವಾದಾಗ ನಾಯಿ ಹಾಗೆ ನಡೆಯುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅವನ ಲಸಿಕೆಯ ಗಡುವು ಮುಗಿದು ಒಂದೂವರೆ ವರ್ಷವಾಗಿತ್ತು. ಹನ್ನೊಂದು ದಿನ ಬಾಟಲಿ ಏರಿಸಿದ ಮೇಲೆ ಅವನು ಬದುಕಿದ.

ಆದ್ದರಿಂದ ಕಾವಲಿನಲ್ಲಿ ಮೊದಲು ನೀರಿನ ಲೆಕ್ಕ ಇಡಿ. ಬೆಳಿಗ್ಗೆ ಲೀಟರ್ ಬಾಟಲಿಯಿಂದ ಅಳೆದು ಬೋಗುಣಿ ತುಂಬಿಸಿ, ಮರುದಿನ ಉಳಿದದ್ದನ್ನು ಅಳೆಯಿರಿ. ದೇಹದ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರಿಗಿಂತ ಹೆಚ್ಚು, ಅಂದರೆ 10 ಕಿಲೋದ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಬೇಡಿ. ಮೊದಲು ಹೆಚ್ಚಾದ ಮೂತ್ರ ಆಮೇಲೆ ಇದ್ದಕ್ಕಿದ್ದಂತೆ ಕಡಿಮೆಯಾದರೆ ಅದು ಗುಣವಾಗುವ ಸೂಚನೆಯಲ್ಲ, ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿರುವ ಸೂಚನೆ. ಊಟ ಬಿಡುವುದು, ವಾಂತಿ, ಮೆಟ್ಟಿಲು ಹತ್ತಲು ಹಿಂಜರಿಕೆ, ಮುಟ್ಟಿದರೆ ನೋವು, ಮೂತ್ರದ ಬಣ್ಣ ಗಾಢವಾಗುವುದು ಇವೂ ಇರಬಹುದು. ಬೆಳಕಿನಲ್ಲಿ ತುಟಿ ಎತ್ತಿ ಒಸಡು ನೋಡಿ, ಕಣ್ಣಿನ ಬಿಳಿಭಾಗ ನೋಡಿ. ಹಳದಿ ಕಂಡರೆ ಯಕೃತ್ತಿಗೂ ತಗಲಿದೆ ಎಂದರ್ಥ. ನಾಯಿಯ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಲೆಕ್ಕ ಹಿಡಿದು ಗಾಬರಿಯಾಗಬೇಡಿ, ಹಾಗೆಯೇ ಜ್ವರ ಇಳಿಯಿತೆಂದು ನೆಮ್ಮದಿಯನ್ನೂ ಪಡಬೇಡಿ, ಏಕೆಂದರೆ ಕಾಯಿಲೆ ಬಲಿತಾಗ ಮೈ ತಣ್ಣಗಾಗುವುದೂ ಉಂಟು.

ವೈದ್ಯರ ಬಳಿ ಹೇಳಬೇಕಾದದ್ದು

ನಮ್ಮ ಭಾಗದಲ್ಲಿ ಜ್ವರ ಬಂದ ನಾಯಿಯನ್ನು ಕಂಡರೆ ವೈದ್ಯರಿಗೆ ಮೊದಲು ಹೊಳೆಯುವುದು ಉಣ್ಣೆ ಜ್ವರ, ಅದು ಸಹಜವೇ; ಕಾಮಾಲೆ, ಸುಸ್ತು, ಊಟ ಬಿಡುವುದು ಅದರಲ್ಲೂ ಇರುತ್ತವೆ. ಹೀಗಾಗಿ ಕೆಸರಿನ ವಿಷಯವನ್ನು ನೀವೇ ಎತ್ತಬೇಕು. ಯಾವ ದಿನ ಯಾವ ಗದ್ದೆಗೆ ಹೋಗಿತ್ತು, ಇಲಿ ಹಿಡಿಯಿತೇ, ನಿಂತ ನೀರು ಕುಡಿಯಿತೇ, ಲೆಪ್ಟೊ ಲಸಿಕೆ ಕೊನೆಯದಾಗಿ ಯಾವಾಗ ಆಯಿತು ಎಂಬುದನ್ನು ಹೇಳಿ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ಅಂಶ) ಮತ್ತು ಯಕೃತ್ತಿನ ಪರೀಕ್ಷೆ ಬೇಕೇ ಎಂದು ಕೇಳಿ. ಬ್ಯಾಕ್ಟೀರಿಯಾವನ್ನೇ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ರಕ್ತ ಮತ್ತು ಮೂತ್ರವನ್ನು ಆ್ಯಂಟಿಬಯೋಟಿಕ್ ಆರಂಭಿಸುವ ಮುನ್ನ ತೆಗೆದರೆ ಫಲ ಹೆಚ್ಚು. ಆದರೆ ವರದಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯುವ ಕಾಯಿಲೆ ಇದಲ್ಲ. ಬಲವಾದ ಅನುಮಾನವಿದ್ದರೆ ವೈದ್ಯರು ಪೆನ್ಸಿಲಿನ್ ಬಗೆಯ ಚುಚ್ಚುಮದ್ದನ್ನೋ ಡಾಕ್ಸಿಸೈಕ್ಲಿನನ್ನೋ ಕೂಡಲೇ ಆರಂಭಿಸುತ್ತಾರೆ, ಜೊತೆಗೆ ಸಲೈನ್ ಹಾಕುತ್ತಾರೆ. ನಾಯಿ ಲವಲವಿಕೆಯಿಂದ ಓಡಾಡತೊಡಗಿದರೂ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಮುಗಿಸಲೇಬೇಕು. ಮೂತ್ರಪಿಂಡದಲ್ಲಿ ಅವಿತ ಬ್ಯಾಕ್ಟೀರಿಯಾವನ್ನು ತೆಗೆಯುವುದು ಆ ಮಾತ್ರೆ.

ಆಸ್ಪತ್ರೆಗೆ ಹೋಗುವ ಮುನ್ನ ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲೇ ಸೊರಗಿದ ಮೂತ್ರಪಿಂಡವನ್ನು ಮತ್ತಷ್ಟು ಕೆಡಿಸುತ್ತವೆ. ಸ್ಥಳೀಯವಾಗಿ ನಿಭಾಯಿಸಲಾಗದ ನಾಯಿಯನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದೇ ಎಂದು ವೈದ್ಯರನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮೂತ್ರ ನಿಂತ ಮೇಲೆ ದಾರಿ ಹುಡುಕಲು ಸಮಯ ಇರುವುದಿಲ್ಲ.

ಮನೆಯವರ ಎಚ್ಚರ

ಕಾಯಿಲೆ ಬಿದ್ದ ನಾಯಿಯ ಮೂತ್ರ ಮನೆಯವರಿಗೂ ಅಪಾಯ. ಚಿಕಿತ್ಸೆ ನಡೆಯುವಷ್ಟು ದಿನ ಅದನ್ನು ಮಕ್ಕಳು ಆಡದ, ಬಿಸಿಲು ಬೀಳುವ ಒಂದೇ ಜಾಗದಲ್ಲಿ ಮೂತ್ರಕ್ಕೆ ಬಿಡಿ. ಮನೆಯೊಳಗೆ ಹೊಯ್ದರೆ ಗ್ಲೌಸು ಹಾಕಿ, ಮೊದಲು ಕಾಗದದಿಂದ ಹೀರಿಸಿ, ಬಳಿಕ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಒರೆಸಿ. ರಭಸದ ಪೈಪಿನಿಂದ ನೀರು ಹಾರಿಸಿದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ, ಅದು ಆರೋಗ್ಯವಾಗಿ ಕಂಡರೂ ಅದಕ್ಕೂ ಮದ್ದು ಬೇಕೇ ಎಂದು ಕೇಳಿ, ಏಕೆಂದರೆ ಎರಡೂ ಅದೇ ಕೆಸರು ತುಳಿದಿರುತ್ತವೆ. ಮನೆಯವರಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಡಾಕ್ಟರ ಬಳಿ ನಾಯಿಯ ಕಾಯಿಲೆಯ ಹೆಸರನ್ನು ತಪ್ಪದೆ ಹೇಳಿ.

ಗುಣವಾದ ನಾಯಿಯ ಕ್ರಿಯಾಟಿನಿನ್ನನ್ನು ಕೆಲವು ವಾರಗಳ ನಂತರ ಮತ್ತೊಮ್ಮೆ ನೋಡಿಸಬೇಕು, ಮೂತ್ರಪಿಂಡಕ್ಕೆ ಆದ ಹಾನಿ ಸ್ವಲ್ಪ ಉಳಿದಿರುವುದು ಉಂಟು. ಒಮ್ಮೆ ಬಂದು ಹೋದ ಕಾಯಿಲೆ ಮತ್ತೆ ಬರುವುದಿಲ್ಲ ಎಂದು ತಿಳಿಯಬೇಡಿ, ಬೇರೆ ಬಗೆಯ ಲೆಪ್ಟೊ ತಗಲಬಹುದು. ಹೀಗಾಗಿ ವಾರ್ಷಿಕ ಲಸಿಕೆ ಅಂಥ ನಾಯಿಗೂ ಮುಂದುವರಿಯುತ್ತದೆ. ಕರಿಯನ ಲಸಿಕೆಯ ತಾರೀಖನ್ನು ನಾನೀಗ ಪುಸ್ತಕದಲ್ಲಿ ಬಚ್ಚಿಡದೆ, ಅವನ ಚೈನು ನೇತುಹಾಕುವ ಮೊಳೆಯ ಪಕ್ಕದಲ್ಲೇ ಗೋಡೆಗೆ ಅಂಟಿಸಿದ್ದೇನೆ.